ಒಂದು ರೂಪಾಯಿಗೆ ವಿಮಾನ: ಲೆಕ್ಕ ಎಲ್ಲಿ ತಪ್ಪಿತು?

ಒಂದು ರೂಪಾಯಿಗೆ ವಿಮಾನದಲ್ಲಿ ಹೋಗಬಹುದಿತ್ತು ಅಂದ್ರೆ ನಂಬ್ತೀರಾ? ನಮ್ಮ ಜಿಲ್ಲೆಯವರೇ ಆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಎಂಬ ಕಂಪನಿ ಶುರುಮಾಡಿ, ಮುಂದೆ ಕೆಲವು ಸೀಟುಗಳನ್ನು ಒಂದು ರೂಪಾಯಿಗೇ ಮಾರಿದರು. ಆ ಕಂಪನಿ ಐದು ವರ್ಷದಲ್ಲಿ ಬೇರೆಯವರ ಪಾಲಾಯಿತು. ಯಾಕೆ ಅಂತ ಲೆಕ್ಕದ ಮೂಲಕ ನೋಡುವುದೇ ಈ ಪಾಠ. ಗಣಿತ, ಸಮಾಜ ಎರಡೂ ಇದರಲ್ಲಿ ಬರುತ್ತವೆ.

ಮೊದಲು ಅವರ ವಿಷಯ ಸ್ವಲ್ಪ. ಗೋಪಿನಾಥ್ ಬೆಳೆದದ್ದು ಗೊರೂರಿನಲ್ಲಿ. ಹೌದು, ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಊರೇ. ತಂದೆ ಮೇಷ್ಟ್ರು. ಸೇನೆಗೆ ಸೇರಿ 1971ರ ಯುದ್ಧದಲ್ಲಿದ್ದು, ಆಮೇಲೆ ಕೆಲಸ ಬಿಟ್ಟು ಊರಿಗೆ ಬಂದರು. ಅವರ ಮನೆಯ ಜಮೀನು ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಬದಲಿಗೆ ಸಿಕ್ಕ ಜಾವಗಲ್ ಕಡೆಯ ಬರಡು ನೆಲದಲ್ಲಿ ಗುಡಾರ ಹಾಕಿಕೊಂಡು ವ್ಯವಸಾಯ ಮಾಡಿದರು. ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂತು. 1997ರಲ್ಲಿ ಬಾಡಿಗೆ ಹೆಲಿಕಾಪ್ಟರ್ ಕಂಪನಿ, 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್.

ಆಗ ವಿಮಾನ ಅಂದರೆ ದೊಡ್ಡ ಸಾಹೇಬರು ಹೋಗೋದು ಅಂತಿತ್ತು. ಇವರು ಟಿಕೆಟ್ ದರವನ್ನು ಉಳಿದವರ ಸುಮಾರು ಅರ್ಧಕ್ಕೆ ಇಳಿಸಿದರು. ಕಂಪನಿಯ ಗುರುತಾಗಿ ವಿಮಾನದ ಮೇಲೆ ಬರೆಸಿದ್ದು ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನ ಚಿತ್ರ, ಚೌಕಳಿ ಕೋಟು, ಪಂಚೆಯ ಮುದುಕಪ್ಪ. ಅದು ನನಗೆ ಬಹಳ ಹಿಡಿಸಿದ ಸಂಗತಿ. ಆರಂಭವೇನೂ ಸಲೀಸಾಗಿರಲಿಲ್ಲ. ಹೈದರಾಬಾದ್–ವಿಜಯವಾಡ ಮಾರ್ಗದ ಉದ್ಘಾಟನೆಯ ದಿನ ಗಣ್ಯರೆಲ್ಲ ಕೂತಿದ್ದಾಗಲೇ ಎಂಜಿನ್ನಿಗೆ ಬೆಂಕಿ ಹತ್ತಿತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ದರ ಅರ್ಧ ಮಾಡಬೇಕಾದರೆ ಖರ್ಚನ್ನೂ ಇಳಿಸಬೇಕಲ್ಲ? ಊಟ, ತಿಂಡಿ ಪುಕ್ಕಟೆ ಇಲ್ಲ, ಬೇಕಾದವರು ದುಡ್ಡು ಕೊಟ್ಟು ತಗೋಬೇಕು. ಸಾಹೇಬರಿಗೆ ಅಗಲದ ಸೀಟು ಅಂತ ಬೇರೆ ಇಲ್ಲ, ಎಲ್ಲಾ ಒಂದೇ. ಏಜೆಂಟರ ಕಮಿಷನ್ ಉಳಿಸಲು ಟಿಕೆಟನ್ನು ಇಂಟರ್ನೆಟ್ಟಿನಲ್ಲಿ, ಫೋನಿನಲ್ಲಿ ಮಾರಿದರು. ವಿಮಾನದ ಮೈಮೇಲೆ ಜಾಹೀರಾತು ಬರೆಸಿ ಅದರಿಂದಲೂ ಕಾಸು. ಎಲ್ಲಕ್ಕಿಂತ ಮುಖ್ಯವಾದದ್ದು, ವಿಮಾನ ನೆಲದ ಮೇಲೆ ಸುಮ್ಮನೆ ನಿಲ್ಲಬಾರದು. ಇಳಿಸು, ಗುಡಿಸು, ಹತ್ತಿಸು, ಹಾರು. ನಿಂತ ವಿಮಾನಕ್ಕೂ ಬಾಡಿಗೆ ಓಡುತ್ತಲೇ ಇರುತ್ತದೆ. ಈ ವಿದ್ಯೆ ಅಮೆರಿಕದ ಸೌತ್‌ವೆಸ್ಟ್ ಎಂಬ ಕಂಪನಿ 1971ರಿಂದ ತೋರಿಸಿಕೊಟ್ಟದ್ದು.

ಈಗ ಲೆಕ್ಕಕ್ಕೆ ಬರೋಣ. ಏರ್ ಡೆಕ್ಕನ್ ಮೊದಲು ತಂದದ್ದು ಎ.ಟಿ.ಆರ್. 42 ಎಂಬ ಫ್ಯಾನಿನ ಚಿಕ್ಕ ವಿಮಾನ, 48 ಸೀಟು. ಇಲ್ಲಿಂದ ಮುಂದಿನ ರೂಪಾಯಿಗಳು ಕಂಪನಿಯ ಅಂಕಿಗಳಲ್ಲ, ಲೆಕ್ಕ ಸುಲಭವಾಗಲೆಂದು ನಾನು ಹಿಡಿದುಕೊಂಡವು. ಒಂದು ಸಲ ಹಾರಲು ಖರ್ಚು 72,000 ರೂಪಾಯಿ ಅನ್ನಿ. ಭಾಗಿಸಿದರೆ ಸೀಟಿಗೆ 1,500. ಎಲ್ಲರಿಗೂ 1,500 ಅಂತ ಇಟ್ಟರೆ ಏನಾಗುತ್ತೆ? 36 ಜನ ಬಂದರೆ 54,000. ನಷ್ಟ 18,000. ಖಾಲಿ ಸೀಟನ್ನು ನಾಳೆ ಮಾರೋಣ ಅಂತ ಗೋದಾಮಿನಲ್ಲಿ ಇಡೋಕಾಗಲ್ಲ. ಬಾಳೆಹಣ್ಣಾದರೂ ಎರಡು ದಿನ ತಡೆಯುತ್ತೆ, ಸೀಟು ವಿಮಾನ ಎದ್ದ ಗಳಿಗೆಗೇ ಕೊಳೆತಂತೆ.

ಅದಕ್ಕೇ ಒಂದೇ ವಿಮಾನದಲ್ಲಿ ಹಲವು ದರ. ತಿಂಗಳು ಮುಂಚೆ ಟಿಕೆಟ್ ತಗೊಂಡ 8 ಜನಕ್ಕೆ 500ರಂತೆ, 4,000. ಆಮೇಲೆ ಬಂದ 20 ಜನಕ್ಕೆ 1,500ರಂತೆ, 30,000. ನಾಳೆಯೇ ಹೋಗಬೇಕು ಅನ್ನುವ 16 ಜನಕ್ಕೆ 2,400ರಂತೆ, 38,400. ಕೂಡಿಸಿ: 72,400. ನಾಲ್ಕು ಸೀಟು ಖಾಲಿ ಇದ್ದರೂ 400 ರೂಪಾಯಿ ಉಳಿಯಿತು! ಒಂದು ರೂಪಾಯಿ ಟಿಕೆಟ್ಟಿನ ಗುಟ್ಟೂ ಇದೇ. ಅದು ಎಲ್ಲರಿಗೂ ಅಲ್ಲ, ಮೊದಲು ಬಂದ ಕೆಲವರಿಗೆ. ಅದರ ಸುದ್ದಿ ಊರೆಲ್ಲ ಹರಡಿ ಜಾಹೀರಾತಿನ ಖರ್ಚು ಉಳಿಯಿತು. ಗೋಪಿನಾಥರನ್ನು ಹುಚ್ಚರೆಂದವರು ಈ ಕೂಡುವ ಲೆಕ್ಕ ಮಾಡಿ ನೋಡಿರಲಿಲ್ಲ ಅಂತ ನನಗನ್ನಿಸುತ್ತದೆ.

ಹಾಗಾದರೆ ತಪ್ಪಿದ್ದೆಲ್ಲಿ?

2005ರ ಮೇ ತಿಂಗಳಲ್ಲಿ ಕಿಂಗ್‌ಫಿಷರ್ ಮತ್ತು ಸ್ಪೈಸ್‌ಜೆಟ್ ಎರಡೂ ಹಾರಿದವು. ಅದೇ ನವೆಂಬರಿನಲ್ಲಿ ಗೋ ಏರ್. 2006ರ ಆಗಸ್ಟಿನಲ್ಲಿ ಇಂಡಿಗೋ. ಜೆಟ್, ಸಹಾರಾ, ಇಂಡಿಯನ್ ಏರ್‌ಲೈನ್ಸ್ ಮೊದಲೇ ಇದ್ದವು. ಎಲ್ಲರೂ ಪೈಪೋಟಿಯಲ್ಲಿ ದರ ಇಳಿಸಿದರು. ನಮ್ಮ ಲೆಕ್ಕದಲ್ಲಿ ಆ 16 ಜನ 'ಪಕ್ಕದವರು 1,500ಕ್ಕೇ ಕೊಡ್ತಾರೆ' ಅಂದರೆ? ಇವರೂ ಇಳಿಸಲೇಬೇಕು. 38,400 ಇದ್ದದ್ದು 24,000ಕ್ಕೆ ಬಂತು. ಒಟ್ಟು 58,000, ನಷ್ಟ 14,000. ವಿಮಾನ ಅಷ್ಟೇ ತುಂಬಿದೆ ನೋಡಿ, ಒಬ್ಬರೂ ಕಡಿಮೆಯಾಗಿಲ್ಲ. ಜನ ತುಂಬಿದ್ದಾರೆ ಅಂದ ಮಾತ್ರಕ್ಕೆ ಲಾಭ ಅಂದುಕೊಳ್ಳಬಾರದು.

ಇದು ನನಗೆ ಅರ್ಥವಾದದ್ದು ನಮ್ಮ ಚಿಕ್ಕಪ್ಪನಿಂದ. ಅವರು ನಮ್ಮೂರಿಂದ ಅರಸೀಕೆರೆಗೆ ಟೆಂಪೋ ಓಡಿಸುತ್ತಾರೆ. ಒಂದೇ ಗಾಡಿ ಇದ್ದಾಗ 20 ರೂಪಾಯಿ ಚಾರ್ಜು. ಎರಡನೆಯದು, ಮೂರನೆಯದು ಬಂದಮೇಲೆ 15 ಆಯ್ತು. ನಮಗೆ, ಅಂದರೆ ಹತ್ತುವವರಿಗೆ, ಖುಷಿ. ಚಿಕ್ಕಪ್ಪ ರಾತ್ರಿ ಊಟದ ಹೊತ್ತಿಗೆ ಚೀಟಿಯಲ್ಲಿ ಕೂಡಿಸಿ ಕೂಡಿಸಿ ಹರಿದು ಹಾಕೋರು. "ಖಾಲಿ ಸೀಟೂ ಡೀಸೆಲ್ ಕುಡಿಯುತ್ತೆ ಕಣೋ ಮಗ" ಅಂತ ಒಂದಿನ ಅಂದರು. "ಹಾಗಾದ್ರೆ 20 ಮಾಡು ಚಿಕ್ಕಪ್ಪ" ಅಂದೆ. "ಮಾಡಿದ್ರೆ ಆ ಖಾಲಿ ಗಾಡೀನ ನೀನೊಬ್ನೇ ಹತ್ತಬೇಕು" ಅಂದು ನಕ್ಕರು. ಮೂರರಲ್ಲಿ ಒಂದು ಗಾಡಿ ಮಾರಾಟವಾಯಿತು. ನಮ್ಮದು ಇನ್ನೂ ಓಡುತ್ತಿದೆ, ಕಂತು ಕಟ್ಟುತ್ತಾ.

ಎರಡನೆಯ ಪೆಟ್ಟು ಎಣ್ಣೆಯದು. ವಿಮಾನಕ್ಕೆ ಹಾಕುವುದು ಪೆಟ್ರೋಲ್ ಅಲ್ಲ, ಶುದ್ಧಮಾಡಿದ ಒಂದು ಬಗೆಯ ಸೀಮೆಎಣ್ಣೆ. ನಮ್ಮ ದೇಶದಲ್ಲಿ ವಿಮಾನ ಕಂಪನಿಯ ಖರ್ಚಿನಲ್ಲಿ ಅದೇ ದೊಡ್ಡ ಪಾಲು, ಮೇಲೆ ರಾಜ್ಯಗಳ ತೆರಿಗೆ ಬೇರೆ. 2003ರಲ್ಲಿ ಪೀಪಾಯಿಗೆ 30 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾತೈಲ 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿತು. ಜೊತೆಗೆ ಪೈಲಟ್‌ಗಳ ಅಭಾವ. ಎಷ್ಟೋ ಕಂಪನಿಗಳು ಒಮ್ಮೆಲೇ ಹುಟ್ಟಿದಾಗ ಪೈಲಟ್‌ಗಳ ಸಂಬಳ ಏರಿತು, ವಿದೇಶದಿಂದಲೂ ಕರೆಸಬೇಕಾಯಿತು. ಮುಂಬಯಿ, ದೆಹಲಿಯಲ್ಲಿ ಇಳಿಯಲು ಜಾಗವಿಲ್ಲದೆ ವಿಮಾನಗಳು ಆಕಾಶದಲ್ಲೇ ಸುತ್ತು ಹೊಡೆಯುತ್ತಿದ್ದವು. ಸುತ್ತಿದಷ್ಟೂ ಎಣ್ಣೆ ದಂಡ.

ಮೂರನೆಯದು ಕಂಪನಿ ಬೆಳೆದ ರೀತಿ. ಕೆಲವೇ ವರ್ಷಗಳಲ್ಲಿ 40ಕ್ಕೂ ಹೆಚ್ಚು ವಿಮಾನ, 60ಕ್ಕೂ ಹೆಚ್ಚು ಊರು! ಹುಬ್ಬಳ್ಳಿಯಂಥ ಊರುಗಳಿಗೆ ವಿಮಾನ ಬಂದದ್ದು ಒಳ್ಳೆಯದೇ. ಆದರೆ ಚಿಕ್ಕ ಊರಿಗೆ ಎ.ಟಿ.ಆರ್., ದೊಡ್ಡ ಊರಿಗೆ 180 ಸೀಟಿನ ಏರ್‌ಬಸ್ ಎ-320, ಹೀಗೆ ಎರಡು ಜಾತಿ. ಒಂದರ ಪೈಲಟ್ ಇನ್ನೊಂದನ್ನು ಓಡಿಸುವಂತಿಲ್ಲ. ಬಿಡಿಭಾಗಗಳೂ ಬೇರೆ, ಮೆಕ್ಯಾನಿಕ್ಕುಗಳೂ ಬೇರೆ. ಇಂಡಿಗೋದವರು 2005ರಲ್ಲೇ ಒಂದೇ ಜಾತಿಯ 100 ಏರ್‌ಬಸ್‌ಗಳಿಗೆ ಒಟ್ಟಿಗೆ ಆರ್ಡರ್ ಕೊಟ್ಟು, ಬಹಳ ವರ್ಷ ಅದೊಂದರಲ್ಲೇ ನಡೆಸಿದರು. 2024ರ ಹೊತ್ತಿಗೆ ದೇಶದೊಳಗೆ ಹಾರುವ ನೂರು ಜನರಲ್ಲಿ 60ಕ್ಕೂ ಹೆಚ್ಚು ಮಂದಿ ಅವರ ವಿಮಾನದಲ್ಲೇ ಇದ್ದರು.

2006ರಲ್ಲಿ ಏರ್ ಡೆಕ್ಕನ್ ಜನರಿಗೆ ಷೇರು ಮಾರಿ ಹಣ ಎತ್ತಲು ಹೋದಾಗಲೂ ತಿಣುಕಾಡಬೇಕಾಯಿತು. 2007ರಲ್ಲಿ ವಿಜಯ್ ಮಲ್ಯ ಅವರ ಕಡೆಯವರು ಸುಮಾರು 550 ಕೋಟಿ ರೂಪಾಯಿಗೆ ನೂರಕ್ಕೆ 26ರಷ್ಟು ಪಾಲು ಕೊಂಡರು. ಕಿಂಗ್‌ಫಿಷರ್‌ಗೆ ಇದರಿಂದ ಏನು ಬಂತು ಗೊತ್ತಾ? ದೇಶದೊಳಗೆ ಐದು ವರ್ಷ ಹಾರಿದ ಕಂಪನಿಗೆ ಮಾತ್ರ ವಿದೇಶಕ್ಕೆ ಹಾರಲು ಅಪ್ಪಣೆ ಎಂಬ ಸರ್ಕಾರಿ ನಿಯಮವಿತ್ತು. ಡೆಕ್ಕನ್‌ಗೆ 2008ರ ಆಗಸ್ಟಿಗೆ ಐದು ತುಂಬಿತು, ಸೆಪ್ಟೆಂಬರಿನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಏರ್ ಡೆಕ್ಕನ್ ಹೆಸರು 'ಕಿಂಗ್‌ಫಿಷರ್ ರೆಡ್' ಆಯಿತು. ಶ್ರೀಸಾಮಾನ್ಯನ ಚಿತ್ರ ಹೋಗಿ ಮೀಂಚುಳ್ಳಿ ಹಕ್ಕಿ ಬಂತು. ಆ ಹಕ್ಕಿಯೂ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು, ಎಷ್ಟೋ ಜನ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಯಿತು. 2019ರ ಏಪ್ರಿಲಿನಲ್ಲಿ ಜೆಟ್, 2023ರ ಮೇ ತಿಂಗಳಲ್ಲಿ ಗೋ ಏರ್ ನಿಂತವು.

ಒಂದು ರೂಪಾಯಿ ಟಿಕೆಟ್ಟೇ ಕಂಪನಿಯನ್ನು ಮುಳುಗಿಸಿತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೇಲಿನ ಲೆಕ್ಕದಲ್ಲಿ ಅಗ್ಗದ 8 ಸೀಟಿನಿಂದ ನಷ್ಟವಾಗಲಿಲ್ಲ, ದುಬಾರಿಯ 16 ಸೀಟಿನ ದರ ಬಿದ್ದದ್ದರಿಂದ ಆಯಿತು. ಬೇರೆ ಉತ್ತರ ಇದ್ದವರು ಮುಂದಿನ ಸಂಚಿಕೆಗೆ ಬರೆಯಿರಿ, ಜಗಳ ಆಡೋಣ.

ಅಲ್ಲಿಯವರೆಗೆ ಒಂದು ಲೆಕ್ಕ. 180 ಸೀಟಿನ ವಿಮಾನ, ಒಂದು ಹಾರಾಟದ ಖರ್ಚು 2,70,000, ಟಿಕೆಟ್ ಸರಾಸರಿ 1,800. (ಅ) ಖರ್ಚು ಹುಟ್ಟಲು ಎಷ್ಟು ಜನ ಬೇಕು? (ಆ) ಖರ್ಚಿನಲ್ಲಿ 1,20,000 ಎಣ್ಣೆಯದು. ಎಣ್ಣೆ ಬೆಲೆ ಕಾಲುಭಾಗ ಏರಿದರೆ ಎಷ್ಟು ಜನ ಬೇಕು? ಎರಡನೆಯದರಲ್ಲಿ ಭಾಗಾಕಾರ ಸರಿಯಾಗಿ ಹೋಗುವುದಿಲ್ಲ, ಮುಕ್ಕಾಲು ಮನುಷ್ಯನನ್ನು ಹತ್ತಿಸಬೇಡಿ. ಉತ್ತರದ ಚೀಟಿಯನ್ನು ಶನಿವಾರದೊಳಗೆ ಗ್ರಂಥಾಲಯದ ಮೇಜಿನ ಡಬ್ಬಿಗೆ ಹಾಕಿ. ಏಳನೇ ತರಗತಿಯವರು (ಅ) ಒಂದನ್ನೇ ಮಾಡಿದರೂ ಸಾಕು.