ಮನೆಯ ಹಿತ್ತಿಲಿನ ಮರವನ್ನು ತೆಗೆಯಿಸುವ ಖರ್ಚು

ಹಿತ್ತಿಲಿನಲ್ಲಿ ಬೆಳೆದ ಮರವೊಂದನ್ನು ತೆಗೆಯಿಸಬೇಕಾದ ಪ್ರಸಂಗವು ಬಹುಮಂದಿ ಗೃಹಸ್ಥರಿಗೆ ಒಂದಲ್ಲ ಒಂದು ದಿನ ಬರುವುದುಂಟು. ಹೊಲದ ಬದುವಿನ ಮರವನ್ನು ಕಡಿಸಿ, ಸೌದೆಯ ಜೊತೆಗೆ ನಾಲ್ಕು ಕಾಸನ್ನೂ ಕಂಡವನು, ಅದೇ ಗಾತ್ರದ ಮರವು ಮನೆಯ ಗೋಡೆಯ ಪಕ್ಕದಲ್ಲಿದ್ದರೆ ತಾನೇ ಕೈಯಿಂದ ಹಣ ತೆರಬೇಕೆಂದು ಕೇಳಿ ಬೆರಗಾಗುತ್ತಾನೆ. ಕೂಲಿಯವರು ತನ್ನನ್ನು ವಂಚಿಸುತ್ತಿರುವರೆಂದು ಶಂಕಿಸುತ್ತಾನೆ. ಈ ಶಂಕೆಗೆ ಅನೇಕ ವೇಳೆ ಆಧಾರವಿರುವುದಿಲ್ಲ. ಖರ್ಚನ್ನು ಮುಖ್ಯವಾಗಿ ನಿರ್ಣಯಿಸತಕ್ಕದ್ದು ಮರಕ್ಕೆ ಬೀಳುವುದಕ್ಕೆ ಇರುವ ಜಾಗವು. ಮಿಕ್ಕ ಸಂಗತಿಗಳೆಲ್ಲವೂ ಇದರ ಹಿಂದೆ ಬರುತ್ತವೆ.

ಬಯಲಿನಲ್ಲಿ ಮರವನ್ನು ಕೆಡಹುವ ಕೆಲಸದಲ್ಲಿ ಹೆಚ್ಚಿನ ಪಾಲನ್ನು ಮರದ ತೂಕವೇ ಮಾಡಿಕೊಡುತ್ತದೆ. ಬೀಳಬೇಕಾದ ಕಡೆಗೆ ಬುಡದಲ್ಲಿ ದಪ್ಪದ ಕಾಲುಭಾಗದಷ್ಟು ಕಚ್ಚು ಹಾಕಿ, ಎದುರು ಬದಿಯಿಂದ ತುಸು ಮೇಲಕ್ಕೆ ಗರಗಸವನ್ನು ಆಡಿಸಿ, ನಡುವೆ ಒಂದಿಷ್ಟು ಮರವನ್ನು ಕೊಯ್ಯದೆ ಉಳಿಸಿದರೆ, ಆ ಉಳಿದ ಭಾಗವು ಬಾಗಿಲಿನ ಕೀಲಿನಂತೆ ನಿಂತು ಮರವನ್ನು ಬೇಕಾದ ದಿಕ್ಕಿಗೆ ಒರಗಿಸುತ್ತದೆ. ಇದಕ್ಕೆ ಮರದ ಎತ್ತರದಷ್ಟು ಮಾತ್ರ ಜಾಗವಿದ್ದರೆ ಸಾಲದು. ಬಿದ್ದ ರಭಸಕ್ಕೆ ಕೊಂಬೆಗಳು ಮುರಿದು ಮುಂದಕ್ಕೆ ಸಿಡಿಯುವುದರಿಂದ ಎತ್ತರದ ಒಂದೂವರೆಯಷ್ಟಾದರೂ ತೆರವು ಇರಬೇಕು. ಎತ್ತರವನ್ನು ಅಳೆಯಲು ಉಪಕರಣವೇನೂ ಬೇಕಿಲ್ಲ. ಕಣ್ಣಿನಿಂದ ಚಾಚಿದ ಮುಷ್ಟಿಯವರೆಗೆ ಎಷ್ಟು ಉದ್ದವೋ ಅಷ್ಟೇ ಉದ್ದದ ಕೋಲು ಮುಷ್ಟಿಯ ಮೇಲೆ ನೆಟ್ಟಗೆ ನಿಲ್ಲುವಂತೆ ಹಿಡಿದು, ಕೋಲಿನ ತುದಿಯು ಮರದ ತುದಿಗೂ ಮುಷ್ಟಿಯು ಮರದ ಬುಡಕ್ಕೂ ಸರಿಯಾಗಿ ಕಾಣುವವರೆಗೆ ಹಿಂದಕ್ಕೆ ನಡೆಯತಕ್ಕದ್ದು. ನಿಂತ ಸ್ಥಳದಿಂದ ಬುಡಕ್ಕಿರುವ ದೂರವೇ ಸುಮಾರಾಗಿ ಮರದ ಎತ್ತರವು. ಅರವತ್ತು ಅಡಿಯ ಮರಕ್ಕೆ ತೊಂಬತ್ತು ಅಡಿಯ ತೆರವು ಬೇಕು; ಪಟ್ಟಣಗಳಲ್ಲಿ ವಾಡಿಕೆಯಾಗಿರುವ 30 ಅಡಿಗೆ 40 ಅಡಿಯ ನಿವೇಶನದಲ್ಲಿ ಅದು ಎಲ್ಲಿಂದ ದೊರೆಯಬೇಕು? ಆದುದರಿಂದ ಅಂಥಲ್ಲಿ ಮರವನ್ನು ಕೆಡಹಲಾಗದು, ಇಳಿಸಬೇಕು.

ಇಳಿಸುವುದೆಂದರೆ ಒಬ್ಬನು ಮೇಲಕ್ಕೆ ಹತ್ತಿ ತುದಿಯಿಂದ ಒಂದೊಂದೇ ತುಂಡನ್ನು ಕೊಯ್ಯುವುದು, ಕೆಳಗಿನವರು ಅದನ್ನು ಹಗ್ಗದಲ್ಲಿ ಹಿಡಿದು ಮೆಲ್ಲಗೆ ಬಿಡುವುದು. ಆ ತುಂಡುಗಳ ಭಾರವನ್ನು ಬಹುಮಂದಿ ಊಹಿಸಿರುವುದಿಲ್ಲ. ಹಸಿಯ ಗಟ್ಟಿಮರವು ಹೆಚ್ಚು ಕಡಮೆ ನೀರಿನಷ್ಟೇ ತೂಗುತ್ತದೆ. ಆರು ಅಡಿ ಸುತ್ತಳತೆಯ ಕಾಂಡದಲ್ಲಿ ಒಂದಡಿ ಉದ್ದದ ತುಂಡು ಸುಮಾರು 80 ಕಿಲೋಗ್ರಾಂ ಆಗುತ್ತದೆ. ಸುತ್ತಳತೆಯು ಎರಡರಷ್ಟಾದರೆ ತೂಕವು ನಾಲ್ಕರಷ್ಟಾಗುವುದರಿಂದ ಹನ್ನೆರಡು ಅಡಿಯ ಕಾಂಡದಲ್ಲಿ ಅಷ್ಟೇ ಉದ್ದದ ತುಂಡು 300 ಕಿಲೋಗ್ರಾಂ ಮೀರುತ್ತದೆ. ಇದಲ್ಲದೆ ಬೀಳುತ್ತಿರುವ ತುಂಡನ್ನು ಹಗ್ಗವು ತಟ್ಟನೆ ತಡೆದಾಗ ಅದರ ಮೇಲೆ ಬೀಳುವ ಜಗ್ಗು ತುಂಡಿನ ತೂಕದ ಹಲವು ಪಾಲಾಗಿರುತ್ತದೆ. ಅಗ್ಗದ ಗುತ್ತಿಗೆಯವನು ಉಳಿತಾಯ ಮಾಡುವುದು ಇಲ್ಲಿಯೇ: ಹಗ್ಗ ಒಂದು, ಕೆಳಗೆ ಹಿಡಿಯುವವರು ಇಬ್ಬರು, ಮೇಲಿರುವವನ ಸೊಂಟಕ್ಕೆ ಕಟ್ಟು ಇಲ್ಲ. ಹಳೆಯ ಹಗ್ಗವು ಹರಿದರೆ ಮಾಡಿನ ಹೆಂಚು ಹೋಗುವುದು ಸಣ್ಣ ನಷ್ಟ. ಮೇಲಿರುವವನಿಗೆ ಹೆಂಡತಿ ಮಕ್ಕಳಿರುತ್ತಾರೆ. ಚೌಕಾಶಿಯಲ್ಲಿ ಕಡಮೆಮಾಡಿಸಿದ ಹಣವು ಯಾವುದರಿಂದ ಕಡಮೆಯಾಯಿತೆಂಬುದನ್ನು ಗೃಹಸ್ಥನು ಕೇಳಿ ತಿಳಿಯತಕ್ಕದ್ದು.

ಜಾತಿಯಿಂದಲೂ ಖರ್ಚು ಬದಲಾಗುತ್ತದೆ. ಹುಣಸೆಯನ್ನು ಕೊಯ್ಯುವುದು ನಿಧಾನವಾದರೂ ಅದರ ಕೊಂಬೆಯು ಹತ್ತಿದವನನ್ನೂ ಹಗ್ಗವನ್ನೂ ತಾಳುತ್ತದೆ. ನುಗ್ಗೆ, ಬೂರುಗ, ಗುಲ್‌ಮೊಹರ್ ಇವು ಕೊಯ್ಯಲು ಮೆತ್ತಗಾದರೂ ಕೊಂಬೆಯು ಹೇಳದೆ ಕೇಳದೆ ಮುರಿಯುವುದರಿಂದ ಹತ್ತುವವರು ಹಿಂಜರಿಯುತ್ತಾರೆ. ಆ ಹಿಂಜರಿಕೆಗೂ ಬೆಲೆಯುಂಟು. ಮಳೆಮರವು ನೆತ್ತಿಯನ್ನು ಕೊಡೆಯಂತೆ ಹರಡಿ ನೆರೆಮನೆಯ ಮೇಲಕ್ಕೂ ಚಾಚಿರುವುದರಿಂದ ಅದನ್ನು ತೆಗೆಯುವಾಗ ನೆರೆಯವರ ಒಪ್ಪಿಗೆಯೂ ಅಗತ್ಯವಾಗುತ್ತದೆ. ತೆಂಗಿಗೆ ಕೊಂಬೆಯಿಲ್ಲದ ಕಾರಣ ಕೆಲಸವು ಸುಲಭ. ಆದರೆ ಸುಳಿಯನ್ನು ಕಡಿದೊಡನೆ ಕಾಂಡವು ಹಿಂದಕ್ಕೂ ಮುಂದಕ್ಕೂ ತೂಗುವುದೆಂಬುದನ್ನು ಬಲ್ಲವನೇ ಹತ್ತಬೇಕು.

ಮರವು ಒಣಗಿದ ಮೇಲೆ ಹಗುರಾಗುವುದು, ಆಗ ಅಗ್ಗದಲ್ಲಿ ತೆಗೆಯಿಸಬಹುದು ಎಂದು ಕಾಯುವವರುಂಟು. ಇದು ದೊಡ್ಡ ತಪ್ಪು. ಹಗುರಾಗುವುದೇನೋ ನಿಜ. ಆದರೆ ಗೆದ್ದಲು ಹತ್ತಿದ ಅಥವಾ ಒಳಗೆ ಪೊಳ್ಳಾದ ಮರಕ್ಕೆ ಹಗ್ಗ ಕಟ್ಟುವ ನೆಲೆಯೇ ಇರುವುದಿಲ್ಲ. ಬಲ್ಲವನು ಅದನ್ನು ಹತ್ತುವುದಿಲ್ಲ, ಹತ್ತುವವನು ಬಲ್ಲವನಲ್ಲ. ಕೊನೆಗೆ ಕ್ರೇನನ್ನು ತರಿಸಬೇಕಾಗುತ್ತದೆ. ಓಣಿಯು ಕಿರಿದಾಗಿದ್ದರೆ ಅದೂ ಒಳಗೆ ಬಾರದು. ಬುಡದಲ್ಲಿ ಅಣಬೆ ಕಾಣಿಸಿಕೊಂಡ ಮರದ ವಿಷಯದಲ್ಲಿ ಒಂದು ಮಳೆಗಾಲವನ್ನೂ ಕಳೆಯಗೊಡಬಾರದು. ಮುಂಗಾರಿಗೆ ಮೊದಲು, ಕಾಂಡವು ಒಣಗಿ ಕಾಲು ಜಾರದಿರುವ ದಿನಗಳಲ್ಲಿ, ಗಾಳಿಯಿಲ್ಲದ ಬೆಳಗಿನ ಹೊತ್ತು ಈ ಕೆಲಸಕ್ಕೆ ಪ್ರಶಸ್ತವಾದುದು.

1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪವು ಬಂದ ಮೇಲೆ ತಂತಿಯೂ ಮರವೂ ಒಂದೇ ಆಕಾಶವನ್ನು ಹಂಚಿಕೊಳ್ಳಬೇಕಾಯಿತು. ತಂತಿಯ ಸಮೀಪದ ಕೊಂಬೆಯನ್ನು ಮುಟ್ಟುವ ಮುನ್ನ ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು ಪ್ರವಾಹವನ್ನು ನಿಲ್ಲಿಸಿಕೊಳ್ಳತಕ್ಕದ್ದು. ಹಸಿಯ ಕೊಂಬೆಯ ಮೂಲಕ ವಿದ್ಯುತ್ತು ಹರಿಯುತ್ತದೆ.

ತನ್ನ ನೆಲದ ಮರವನ್ನು ಕಡಿಯಲು ಅಪ್ಪಣೆಯೇಕೆ ಎಂದು ಕೇಳುವವರುಂಟು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿಯು ಬೇಕು. ತೆಂಗು, ಸರ್ವೆ, ನೀಲಗಿರಿ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಸತ್ತ ಮರ, ರೋಗ ಹಿಡಿದ ಮರ, ಪ್ರಾಣಕ್ಕೂ ಆಸ್ತಿಗೂ ಅಪಾಯಕರವಾದ ಮರ ಇವುಗಳನ್ನು ಆ ಅಧಿನಿಯಮವು ಅನುಮತಿಗೆ ಅರ್ಹವೆಂದು ಗಣಿಸುತ್ತದೆ. ಆದುದರಿಂದ ಅರ್ಜಿಯಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆಯುವುದು ಲೇಸು. ಶ್ರೀಗಂಧದ ಸಂಗತಿಯೇ ಬೇರೆ. 2001ರ ತಿದ್ದುಪಡಿಯವರೆಗೆ ಖಾಸಗಿ ಭೂಮಿಯ ಗಂಧದ ಮರವೂ ಸರಕಾರದ ಸ್ವತ್ತಾಗಿತ್ತು. ಈಗ ಅದು ಭೂಮಿಯ ಒಡೆಯನದಾದರೂ ಕಡಿಯುವುದೂ ಮಾರುವುದೂ ಅರಣ್ಯ ಇಲಾಖೆಯ ನಿಯಮಕ್ಕೆ ಒಳಪಟ್ಟಿವೆ.

ಹಲಸು, ತೇಗ ಇಂಥ ಮರಗಳ ದಿಮ್ಮಿಯಿಂದ ಖರ್ಚಿನ ಒಂದು ಪಾಲು ಹಿಂದಕ್ಕೆ ಬರಬಹುದು. ವ್ಯಾಪಾರಿಯು ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ ಘನ ಅಡಿಯನ್ನು ಎಣಿಸುವುದು ಹಳೆಯ ವಾಡಿಕೆ. ಆರು ಅಡಿ ಸುತ್ತಳತೆಯ, ಇಪ್ಪತ್ತು ಅಡಿ ಉದ್ದದ ದಿಮ್ಮಿಯು ಈ ಲೆಕ್ಕದಂತೆ 45 ಘನ ಅಡಿ. ನಿಜವಾದ ಗಾತ್ರವು 57 ಘನ ಅಡಿಗೂ ತುಸು ಹೆಚ್ಚು. ಈ ಅಂತರವು ತೊಗಟೆಗೂ ಕೊಯ್ತದಲ್ಲಿ ಹೋಗುವ ಪಕ್ಕದ ಚಕ್ಕೆಗಳಿಗೂ ಬಿಟ್ಟದ್ದು. ಆದುದರಿಂದ ಇದು ಮೋಸವಲ್ಲವಾದರೂ, ತಿಳಿದಿದ್ದು ಮಾರುವುದು ಬೇರೆ, ತಿಳಿಯದೆ ಮಾರುವುದು ಬೇರೆ. ಹಿತ್ತಿಲಿನ ದಿಮ್ಮಿಗೆ ಬೆಲೆ ಕಡಮೆಯಾಗುವುದಕ್ಕೆ ಇನ್ನೊಂದು ಕಾರಣವುಂಟು. ಬಟ್ಟೆಯ ಹಗ್ಗಕ್ಕೆಂದು ಎಂದೋ ಹೊಡೆದ ಮೊಳೆಯು ಕಾಂಡದೊಳಗೆ ಅಡಗಿದ್ದು ಗರಗಸದ ಹಲ್ಲನ್ನು ಮುರಿಯುತ್ತದೆ. ಕೊಯ್ಯುವ ಕಾರ್ಖಾನೆಯವರು ಇದನ್ನು ಬಲ್ಲರು.

ಬೊಡ್ಡೆಯನ್ನು ಕೀಳುವುದು ಪ್ರತ್ಯೇಕವಾದ ಕೆಲಸವು. ಒಪ್ಪಂದದ ಕಾಲದಲ್ಲಿ ಮಾತು ಬಾರದಿದ್ದರೆ ಅದು ಗೃಹಸ್ಥನ ಪಾಲಿಗೆ ಉಳಿಯುತ್ತದೆ. ತೆಂಗಿನ ಬೊಡ್ಡೆಯು ಚಿಗುರದು. ಹುಣಸೆ, ಬೇವು, ಮಳೆಮರ ಇವು ಚಿಗುರುತ್ತವೆ. ಕೀಳಿಸುವ ಉದ್ದೇಶವಿದ್ದರೆ ಕಾಂಡವನ್ನು ನೆಲಮಟ್ಟಕ್ಕೆ ಕೊಯ್ಯಿಸದೆ ನಾಲ್ಕೈದು ಅಡಿ ಬಿಡಿಸತಕ್ಕದ್ದು. ಬೇರು ಬಿಡಿಸಿದ ಮೇಲೆ ಆ ತುಂಡೇ ಸನ್ನೆಯಾಗಿ ಒದಗಿ ಎರಡಾಳಿನ ಕೂಲಿಯನ್ನು ಉಳಿಸುತ್ತದೆ. ಎರೆಭೂಮಿಯಲ್ಲಿ ಮತ್ತೊಂದು ಎಚ್ಚರಿಕೆಯು ಅಗತ್ಯ. ವರ್ಷಗಟ್ಟಲೆ ಮರವು ಹೀರುತ್ತಿದ್ದ ನೀರು ನೆಲದಲ್ಲಿಯೇ ನಿಂತು ಎರೆಮಣ್ಣು ಉಬ್ಬುವುದರಿಂದ ಸಮೀಪದ ಗೋಡೆಯು ಬಿರಿಯಬಹುದು. ಅಡಿಪಾಯಕ್ಕೆ ತಾಗಿದ ದೊಡ್ಡ ಮರವನ್ನು ತೆಗೆಯುವ ಮೊದಲು ಅಲ್ಲಿ ಮನೆ ಕಟ್ಟುವ ಅನುಭವಸ್ಥರನ್ನು ಕೇಳುವುದು ಯುಕ್ತವು. ಕೆಲವು ವೇಳೆ ಭಾರವಾದ ಕೊಂಬೆಯೊಂದನ್ನು ತೆಗೆಯಿಸಿ ಮರವನ್ನು ಉಳಿಸಿಕೊಳ್ಳುವುದೇ ಅಗ್ಗವಾಗಿ ಪರಿಣಮಿಸುತ್ತದೆ.

ಕಡಿದ ತೆಂಗಿನ ಕಾಂಡವನ್ನು ಹಿತ್ತಿಲ ಮೂಲೆಯಲ್ಲಿ ಕೊಳೆಯಲು ಬಿಡಬಾರದು. ಕುರುವಾಯಿ ದುಂಬಿಯು ಅದರಲ್ಲಿ ಮೊಟ್ಟೆಯಿಟ್ಟು, ಮರಿಯಾಗಿ, ಉಳಿದ ತೆಂಗುಗಳ ಸುಳಿಯನ್ನು ಕೊರೆಯುತ್ತದೆ. ತುಂಡುಗಳನ್ನು ಸಾಗಿಸುವ ಬಾಡಿಗೆಯನ್ನೂ ಮೊದಲೇ ಒಪ್ಪಂದದಲ್ಲಿ ಸೇರಿಸಿ ಬರೆಯಿಸಿಕೊಳ್ಳತಕ್ಕದ್ದು.