ಈಜಿನಲ್ಲಿ ಉಸಿರಿನ ಶಿಸ್ತು

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ಗಂಗಾವಳಿ, ಉತ್ತರಕ್ಕೆ ಸಾಗಿದರೆ ಕಾರವಾರದ ಕಾಳಿ. ಅಂಕೋಲೆಯ ಮಕ್ಕಳು ನೀರಿನ ನೆರೆಯಲ್ಲಿಯೇ ಬೆಳೆಯುವವರು. ಆದರೆ ನೀರನ್ನು ಕಂಡು ಬೆಳೆಯುವುದು ಬೇರೆ, ನೀರಿನಲ್ಲಿ ಪ್ರಾಣ ಉಳಿಸಿಕೊಳ್ಳಲು ಕಲಿಯುವುದು ಬೇರೆ. ಕೈಕಾಲು ಬಡಿಯಬಲ್ಲ ಗಟ್ಟಿಮುಟ್ಟಾದ ಹುಡುಗನೂ ಇಪ್ಪತ್ತು ಮೀಟರು ಸಾಗುವಷ್ಟರಲ್ಲಿ ಏದುಸಿರು ಬಿಡುವುದುಂಟು. ಇದಕ್ಕೆ ಕಾರಣ ಬಹುಮಟ್ಟಿಗೆ ತೋಳಿನ ದೌರ್ಬಲ್ಯವಲ್ಲ, ಉಸಿರಿನ ಅಶಿಸ್ತು ಎಂಬುದನ್ನು ಅಧ್ಯಾಪಕರೂ ಪಾಲಕರೂ ಮನಗಾಣಬೇಕು.

ಬೋರಲಾಗಿ ಮಲಗಿ, ತೋಳುಗಳನ್ನು ಒಂದಾದ ಮೇಲೊಂದು ಮುಂದಕ್ಕೆ ಬೀಸಿ, ಕಾಲುಗಳನ್ನು ಮೇಲೆ ಕೆಳಗೆ ಆಡಿಸುತ್ತ ಸಾಗುವ ಈಜಿಗೆ ಫ್ರಂಟ್ ಕ್ರಾಲ್ ಎಂದು ಹೆಸರು. ಈಜಿನ ಪ್ರಕಾರಗಳಲ್ಲೆಲ್ಲ ಇದೇ ಅತ್ಯಂತ ವೇಗದ್ದು. ಮುಖವು ನೀರಿನಲ್ಲಿರುವುದರಿಂದ ಉಸಿರಾಟವೇ ಇದರ ಕಠಿಣ ಪಾಠ.

ಕಲಿಯುವವನು ಸಾಮಾನ್ಯವಾಗಿ ನೀರಿನೊಳಗೆ ಉಸಿರು ಕಟ್ಟುತ್ತಾನೆ. ಆಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಶೇಖರಗೊಳ್ಳುತ್ತದೆ. ಉಸಿರಿಗಾಗಿ ಹಾತೊರೆಯುವಂತೆ ಮಾಡುವುದು ಮುಖ್ಯವಾಗಿ ಈ ಅನಿಲವೇ ಹೊರತು ಆಮ್ಲಜನಕದ ಕೊರತೆಯಲ್ಲ. ತಲೆ ತಿರುಗಿಸಿದ ಅಲ್ಪ ಕ್ಷಣದಲ್ಲಿಯೇ ಬಿಡುವುದನ್ನೂ ಎಳೆಯುವುದನ್ನೂ ಮಾಡಹೊರಟಾಗ ಎರಡೂ ಅರೆಬರೆಯಾಗುತ್ತವೆ. ಗಾಬರಿಯಿಂದ ತಲೆಯೆತ್ತಿದರೆ ಕಾಲು ಮುಳುಗಿ ನೀರಿನ ತಡೆ ಹೆಚ್ಚುತ್ತದೆ, ಆಯಾಸ ಇಮ್ಮಡಿಸುತ್ತದೆ. ಆದ್ದರಿಂದ ಮೊದಲ ಸೂತ್ರವಿದು: ಮುಖ ನೀರಿನಲ್ಲಿರುವಾಗ ಮೂಗು ಬಾಯಿಗಳಿಂದ ಉಸಿರನ್ನು ನಿರಂತರವಾಗಿ ಬಿಡಬೇಕು, ಮುಖ ಹೊರಳಿದಾಗ ಬಾಯಿಂದ ಎಳೆದುಕೊಂಡರೆ ಸಾಕು. ತಲೆಯನ್ನು ಎತ್ತದೆ, ದೇಹದ ಹೊರಳುವಿಕೆಯೊಡನೆಯೇ ತಿರುಗಿಸಬೇಕು. ಒಂದು ಕಿವಿ ನೀರಿನಲ್ಲಿಯೇ ಇರಲಿ.

ಅಭ್ಯಾಸವು ಹಂತಹಂತವಾಗಿ ನಡೆಯತಕ್ಕದ್ದು. ಎದೆಮಟ್ಟದ ನಿಶ್ಚಲ ನೀರಿನಲ್ಲಿ ಅಂಚನ್ನು ಹಿಡಿದು, ಗುಳ್ಳೆ ಬಿಡುವುದನ್ನೂ ಮುಖ ಹೊರಳಿಸುವುದನ್ನೂ ಮೊದಲು ರೂಢಿಸಬೇಕು. ಬಳಿಕ 25 ಮೀಟರಿನಂತೆ ನಾಲ್ಕು ಸಲ ಈಜಿ, ನಡುನಡುವೆ ಅರ್ಧ ನಿಮಿಷ ವಿಶ್ರಮಿಸಬೇಕು. ವಿಶ್ರಾಂತಿಯಲ್ಲಿ ಒಂದು ಪೂರ್ಣ ವಾಕ್ಯವನ್ನು ಸರಾಗವಾಗಿ ನುಡಿಯಲಾಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಇದು ಸುಲಭವಾದಾಗ ಸಲಗಳನ್ನು, ಆಮೇಲೆ ದೂರವನ್ನು ಹೆಚ್ಚಿಸುತ್ತ 200 ಮೀಟರನ್ನು ತಡೆಯಿಲ್ಲದೆ ಮುಟ್ಟಬಹುದು. ದೊಡ್ಡ ಸ್ನಾಯುಗಳುಳ್ಳ ಕಾಲುಗಳು ಆಮ್ಲಜನಕವನ್ನು ಬಹಳವಾಗಿ ಬಳಸುವುದರಿಂದ ದೂರದ ಈಜಿನಲ್ಲಿ ಕಾಲಿನ ಬಡಿತ ಮಿತವಾಗಿರಲಿ. ಆರಂಭದಲ್ಲಿ ಎರಡು ಬೀಸಿಗೊಮ್ಮೆ ಉಸಿರೆಳೆಯುವುದು ಕ್ಷೇಮ. ಮೂರಕ್ಕೊಮ್ಮೆ ಎಳೆಯುವುದನ್ನು ಕಲಿತರೆ ಎರಡೂ ಪಕ್ಕಗಳು ಸಮವಾಗಿ ಪಳಗುತ್ತವೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಪಂದ್ಯ ಕಟ್ಟಿ, ರಭಸದಿಂದ ಹಲವು ಸಲ ಉಸಿರೆಳೆದು ಬಿಟ್ಟು ಮುಳುಗುವ ಆಟವು ಪ್ರಾಣಾಪಾಯಕರ. ಅದು ಡೈ ಆಕ್ಸೈಡನ್ನು ತಗ್ಗಿಸಿ ದೇಹದ ಮುನ್ಸೂಚನೆಯನ್ನೇ ಅಡಗಿಸುತ್ತದೆ. ಬಾಲಕನು ಸದ್ದಿಲ್ಲದೆ ಮೂರ್ಛೆ ಹೋಗಬಹುದು. ಕೊಳದಲ್ಲಿ ಪಳಗಿದವನೂ ಮಳೆಗಾಲದ ಸಮುದ್ರಕ್ಕಾಗಲಿ, ತುಂಬಿದ ಹೊಳೆಗಾಗಲಿ ಇಳಿಯಬಾರದು. ಸೆಳೆತಕ್ಕೆ ಸಿಕ್ಕಿದವನು ಅದರೊಡನೆ ಸೆಣಸದೆ, ತೇಲುತ್ತ ಉಸಿರನ್ನು ಹತೋಟಿಗೆ ತಂದುಕೊಂಡು, ದಡಕ್ಕೆ ಸಮಾಂತರವಾಗಿ ಸರಿದು ಸೆಳೆತದಿಂದ ಹೊರಬರಬೇಕು. ಸಾಧ್ಯವಾಗದಿದ್ದರೆ ತೇಲುತ್ತಲೇ ಕೈಯೆತ್ತಿ ನೆರವು ಕೋರಬೇಕು.

ನಮ್ಮ ನಾಡಿನ ನಿಶಾ ಮಿಲ್ಲೆಟ್ ಬಾಲ್ಯದಲ್ಲಿ ನೀರಿನಲ್ಲಿ ಮುಳುಗುವ ಗಂಡಾಂತರದಿಂದ ಪಾರಾದವರು. ತರುವಾಯ ಈಜು ಕಲಿತ ಅವರು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಗಿಳಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಧಿನಿಧಿ ದೇಸಿಂಗು ಹದಿನಾಲ್ಕರ ಹರೆಯದಲ್ಲಿ ಅದೇ ಸ್ಪರ್ಧೆಯಲ್ಲಿ ಈಜಿದರು. ಎಲ್ಲ ಮಕ್ಕಳೂ ಒಲಿಂಪಿಕ್ಸ್ ಮುಟ್ಟಬೇಕಾಗಿಲ್ಲ. ಎಲ್ಲರೂ ದಡ ಮುಟ್ಟಬೇಕು. ಕರಾವಳಿಯ ಶಾಲೆಗೆ ಸುರಕ್ಷಿತ ಕೊಳವೂ ತರಬೇತಾದ ಶಿಕ್ಷಕರೂ ಗ್ರಂಥಾಲಯದಷ್ಟೇ ಅವಶ್ಯವೆಂಬುದನ್ನು ವಿದ್ಯಾಭಿಮಾನಿಗಳು ಗಮನಿಸಬೇಕಾಗಿ ವಿನಂತಿ.