ಭಾರಿ ಸರಕು ವಾಹನ: ಕಾನೂನು ಮತ್ತು ಸುರಕ್ಷತೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸರಕು ಲಾರಿಗಳಿಗೂ ಮೋಟಾರು ವಾಹನ ಕಾಯ್ದೆ, 1988 ಅನ್ವಯ. ಜಾರಿ: 1 ಜುಲೈ 1989.

• ವ್ಯಾಖ್ಯೆ: ಸರಕು ಸೇರಿ ಒಟ್ಟು ತೂಕ 12,000 ಕೆ.ಜಿ. ಮೀರಿದ ಸರಕು ವಾಹನ.
• ಚಾಲಕನ ಕನಿಷ್ಠ ವಯಸ್ಸು: 20 (ಸೆಕ್ಷನ್ 4).
• ಕೆಲಸದ ಅವಧಿ: ದಿನಕ್ಕೆ 8, ವಾರಕ್ಕೆ 48 ಗಂಟೆ. ಸೆಕ್ಷನ್ 91 ಇದಕ್ಕೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯನ್ನು ಆಧರಿಸುತ್ತದೆ.
• ಮದ್ಯಪಾನ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ಅಪರಾಧ (ಸೆಕ್ಷನ್ 185).
• ಅಧಿಕ ಭಾರ (ಸೆಕ್ಷನ್ 194): ₹20,000 ದಂಡ; ಹೆಚ್ಚುವರಿ ಪ್ರತಿ ಟನ್ನಿಗೆ ₹2,000. ಕಲ್ಲು ತುಂಬಿದ ಲಾರಿಯಲ್ಲಿ 3 ಟನ್ ಹೆಚ್ಚಿದ್ದರೆ ದಂಡ ₹26,000. ಹೆಚ್ಚುವರಿ ಸರಕು ಇಳಿಸದೆ ಮುಂದೆ ಹೋಗುವಂತಿಲ್ಲ.
• ತೂಕ ಮಾಡಿಸಲು ನಿರಾಕರಿಸಿದರೆ: ₹40,000.

ಸ್ಥಳೀಯ ಮಾಹಿತಿ: ರಾಮನಗರ ಆರ್‌ಟಿಒ ಸಂಕೇತ ಕೆಎ-42. ರಾಮನಗರ, ಚನ್ನಪಟ್ಟಣ ರಾ.ಹೆ. 275ರಲ್ಲಿವೆ, ಕನಕಪುರ ರಾ.ಹೆ. 948ರಲ್ಲಿದೆ.

ನೆನಪಿಡಿ: ಭಾರ ಹೆಚ್ಚಿದಷ್ಟೂ ಬ್ರೇಕ್ ಹಾಕಿದ ಮೇಲೆ ಲಾರಿ ನಿಲ್ಲಲು ಹೆಚ್ಚು ದೂರ ಬೇಕು. ತೂಕದ ಮಿತಿ ಚಾಲಕನ ಜೀವವನ್ನೂ ದಾರಿಹೋಕರ ಜೀವವನ್ನೂ ಕಾಯುತ್ತದೆ.